ಮಾಪ್ ಕೊಳ್ಳುವ ಮುನ್ನ ಹಿಂಡಿ ನೋಡಿ

ಎರಡು ವರ್ಷಗಳ ಹಿಂದೆ ಆಷಾಢದ ಒಂದು ಮೋಡದ ಬೆಳಿಗ್ಗೆ, ನಮ್ಮ ಮೈಸೂರಿನ ಮನೆಯ ಅಡುಗೆಮನೆಯಿಂದ ಹಿತ್ತಲಿಗೆ ಹೋಗುವ ದಾರಿಯಲ್ಲಿ ಅಮ್ಮ ಜಾರಿ ಬಿದ್ದು ಬಲಗೈಯ ಮಣಿಕಟ್ಟಿನ ಮೂಳೆ ಮುರಿದುಕೊಂಡರು. ಆ ನೆಲವನ್ನು ಹತ್ತು ನಿಮಿಷದ ಹಿಂದೆ ಒರೆಸಿದವಳು ನಾನು. ಆರು ವಾರ ಅವರ ಕೈ ಪ್ಲಾಸ್ಟರಿನಲ್ಲಿತ್ತು, ಆ ಆರು ವಾರವೂ ನಾನು ನೆಲ ಒರೆಸುವ ಕೆಲಸದ ಬಗ್ಗೆಯೇ ಯೋಚಿಸಿದೆ.

ಅಂದು ನಾನು ಬಳಸಿದ್ದು ಹತ್ತಿ ದಾರದ ದಪ್ಪ ಕುಚ್ಚಿನ ಮಾಪ್. ಒಣಗಿದ್ದಾಗ ಹಗುರವಾಗಿರುವ ಆ ಕುಚ್ಚು ನೀರು ಕುಡಿದ ಮೇಲೆ ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರವಾಗುತ್ತದೆ. ಅದನ್ನು ತಿರುಚಿ ಹಿಂಡುವ ಶಕ್ತಿ ನನ್ನ ಕೈಗಿರಲಿಲ್ಲವಾದ್ದರಿಂದ ಅರೆಬರೆ ಹಿಂಡಿ, ಅಳತೆಯಿಲ್ಲದೆ ಫಿನೈಲ್ ಸುರಿದ ನೀರನ್ನು ನೆಲದ ಮೇಲೆಲ್ಲ ಎಳೆದಿದ್ದೆ. ವಿಟ್ರಿಫೈಡ್ ಟೈಲ್ಸ್ ನೀರನ್ನು ಹೀರುವುದಿಲ್ಲ. ಬಿಸಿಲಿಲ್ಲದ ದಿನ ಆ ನೀರು ಫಿನೈಲಿನ ಜಿಡ್ಡಿನೊಂದಿಗೆ ತೆಳುವಾದ ಪೊರೆಯಂತೆ ಹಾಗೆಯೇ ನಿಂತಿತ್ತು.

ಆಗ ನನಗೆ ಅರ್ಥವಾದದ್ದು ಇಷ್ಟು: ನೆಲ ಒರೆಸುವ ಸಲಕರಣೆಯನ್ನು ಅಳೆಯಬೇಕಾದದ್ದು ಅದು ಎಷ್ಟು ನೀರು ಹೀರುತ್ತದೆ ಎಂಬುದರಿಂದ ಮಾತ್ರವಲ್ಲ, ಅದನ್ನು ಬಳಸುವವರು ಹಿಂಡಿದಾಗ ಎಷ್ಟು ನೀರು ಬಿಟ್ಟುಕೊಡುತ್ತದೆ ಎಂಬುದರಿಂದ. ಅಜ್ಜಿಯ ಕಾಲದಲ್ಲಿ ಸಗಣಿಯಿಂದ ನೆಲ ಸಾರಿಸುತ್ತಿದ್ದರು. ಮಣ್ಣಿನ ನೆಲ ಆ ತೇವವನ್ನು ತಾನೇ ಹೀರಿಕೊಂಡು ಒಣಗುತ್ತಿತ್ತು. ನೆಲ ಬದಲಾಯಿತು, ಆದರೆ ಧಾರಾಳವಾಗಿ ನೀರು ಬಳಸಿದರೆ ಮಾತ್ರ ಸ್ವಚ್ಛವಾಗುತ್ತದೆ ಎಂಬ ನಮ್ಮ ನಂಬಿಕೆ ಬದಲಾಗಲಿಲ್ಲ. ಟೈಲ್ಸ್ ಮೇಲೆ ಒರೆಸಿದ ಜಾಗ ಫ್ಯಾನ್ ಹಾಕಿದರೆ ಎರಡು ಮೂರು ನಿಮಿಷದಲ್ಲಿ ಒಣಗಬೇಕು. ಒಣಗದಿದ್ದರೆ ಹಿಂಡಿದ್ದು ಸಾಲದು ಎಂದೇ ನಾನು ಭಾವಿಸುತ್ತೇನೆ.

ಹಾಗಾಗಿ ಅಂಗಡಿಗೆ ಹೋದಾಗ ಮೊದಲು ನೋಡಬೇಕಾದದ್ದು ಹಿಂಡುವ ವ್ಯವಸ್ಥೆ. ಸ್ಪಿನ್ ಮಾಪಿನಲ್ಲಿ ಕುಚ್ಚನ್ನು ಬಕೆಟ್ಟಿನ ಬುಟ್ಟಿಯಲ್ಲಿಟ್ಟು ಕೋಲನ್ನು ಕೆಳಗೆ ಒತ್ತಿದಾಗ ಅದರೊಳಗಿರುವ ತಿರುಪಿನಂಥ ಸಲಾಕೆ ಕುಚ್ಚು ಕೂರಿಸಿದ ತಟ್ಟೆಯನ್ನು ತಿರುಗಿಸುತ್ತದೆ, ಆ ವೇಗಕ್ಕೆ ನೀರು ಹೊರಕ್ಕೆ ಸಿಡಿಯುತ್ತದೆ. ಮಣಿಕಟ್ಟನ್ನು ತಿರುಚುವ ಅಗತ್ಯವೇ ಇಲ್ಲ. ಸಂಧಿವಾತ ಇರುವವರಿಗೆ ಇದು ದೊಡ್ಡ ಉಪಕಾರ. ಬಕೆಟ್ಟಿನೊಳಗಿನ ಬುಟ್ಟಿ ಸ್ಟೀಲಿನದಾದರೆ ಹೆಚ್ಚು ಕಾಲ ಬಾಳುತ್ತದೆ. ಕೊಳೆ ನೀರನ್ನು ಚೆಲ್ಲಲು ಬಕೆಟ್ಟಿನ ತಳದಲ್ಲಿ ಬಿರಡೆ ಇದ್ದರೆ ಭಾರ ಎತ್ತುವುದು ತಪ್ಪುತ್ತದೆ. ಅಂಗಡಿಯವರನ್ನು ಕೇಳಿ, ಕೋಲನ್ನು ಹಿಡಿದು, ಒತ್ತಿ, ತಿರುಗಿಸಿ ನೋಡಿಯೇ ಕೊಳ್ಳಿ. ಒಂದು ವಿಷಯ ನೆನಪಿರಲಿ: ಹಿಂಡುವಾಗ ಕೋಲಿನ ಲಾಕ್ ಬಿಡಿಸಿರಬೇಕು, ಒರೆಸುವಾಗ ಭದ್ರವಾಗಿ ಹಾಕಿರಬೇಕು. ಲಾಕ್ ಹಾಕದೆ ಭಾರ ಬಿಟ್ಟು ಒರೆಸಿದರೆ ಕೋಲು ತಟಕ್ಕನೆ ಕೆಳಗೆ ಇಳಿದು ಒರೆಸುವವರೇ ಮುಗ್ಗರಿಸುತ್ತಾರೆ.

ಕೋಲಿನ ಉದ್ದದ ವಿಷಯದಲ್ಲಿ ನಾವು ಬಹಳ ಅನ್ಯಾಯ ಮಾಡುತ್ತೇವೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ನನಗಿಂತ ಅರ್ಧ ಅಡಿ ಕುಳ್ಳು. ನನ್ನ ಎತ್ತರಕ್ಕೆ ಹೊಂದಿಸಿದ್ದ ಕೋಲನ್ನೇ ವರ್ಷಗಟ್ಟಲೆ ಅವರ ಕೈಗೂ ಕೊಟ್ಟಿದ್ದೆ. ಅದು ಒಗ್ಗದೆ ಅವರು ಮಾಪನ್ನು ಮೂಲೆಗಿಟ್ಟು, ಕುಕ್ಕರಗಾಲಿನಲ್ಲಿ ಕುಳಿತು ಬಟ್ಟೆಯಿಂದಲೇ ಒರೆಸುತ್ತಿದ್ದರು. ದಿನಕ್ಕೆ ನಾಲ್ಕು ಮನೆ ಹಾಗೆ ಒರೆಸಿದರೆ ಮಂಡಿಯ ಗತಿ ಏನಾದೀತು? ನೇರವಾಗಿ ನಿಂತಾಗ ಕೋಲಿನ ತುದಿ ಹೆಗಲಿಗೂ ಗಲ್ಲಕ್ಕೂ ನಡುವೆ ಬರಬೇಕು. ಉದ್ದವನ್ನು ಹೆಚ್ಚು ಕಡಿಮೆ ಮಾಡಬಹುದಾದ ಕೋಲನ್ನು ಕೊಂಡು, ಒರೆಸುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗುವುದು ಉತ್ತಮ. ಈ ಸಲ ನಾನು ಹಾಗೆಯೇ ಮಾಡಿದೆ, ಅಕ್ಕನೇ ಆರಿಸಿದರು.

ಕುಚ್ಚಿನ ವಿಷಯಕ್ಕೆ ಬಂದರೆ, ಮೈಕ್ರೋಫೈಬರ್ ಎಂದರೆ ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ ಅತಿ ಸೂಕ್ಷ್ಮ ಎಳೆಗಳು. ಧೂಳನ್ನು ತಳ್ಳುವ ಬದಲು ಹಿಡಿದುಕೊಳ್ಳುವುದು ಅವುಗಳ ಗುಣ, ಆದ್ದರಿಂದ ಕಡಿಮೆ ನೀರಿನಲ್ಲೇ ಕೆಲಸವಾಗುತ್ತದೆ. ನುಣುಪಾದ ಟೈಲ್ಸ್ ಮತ್ತು ಗ್ರಾನೈಟಿಗೆ ಇದೇ ಸೂಕ್ತ. ಒರಟಾದ ಸಿಮೆಂಟ್ ಜಗಲಿಗೆ ಇದನ್ನು ಬಳಸಿದರೆ ಎಳೆಗಳು ಕಿತ್ತು ಬರುತ್ತವೆ. ಅಲ್ಲಿಗೆ ಹತ್ತಿಯದೇ ಸಾಕು.

ನಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಅಪ್ಪ ಹಾಕಿಸಿದ ಕೆಂಪು ರೆಡ್ ಆಕ್ಸೈಡ್ ನೆಲ ಇನ್ನೂ ಇದೆ. ಸಿಮೆಂಟಿಗೆ ಬಣ್ಣ ಬೆರೆಸಿ ಕರಣೆಯಿಂದ ತೀಡಿ ತೀಡಿ ಮಾಡಿದ ಈ ನೆಲಕ್ಕೂ, ಅಡುಗೆಮನೆಯ ಕಡಪ ಕಲ್ಲಿಗೂ ಆಮ್ಲವೇ ಶತ್ರು. ವಿನೆಗರ್, ನಿಂಬೆರಸ, ಟಾಯ್ಲೆಟ್ ಕ್ಲೀನರ್ ಯಾವುದು ಬಿದ್ದರೂ ಹೊಳಪು ಹೋಗಿ ಬಿಳಿಚಿದ ಕಲೆ ಉಳಿಯುತ್ತದೆ, ಅದು ಒರೆಸಿದರೆ ಹೋಗುವ ಕಲೆಯಲ್ಲ. ಬರಿಯ ನೀರು, ಬೇಕಿದ್ದರೆ ಒಂದೆರಡು ಹನಿ ಸೌಮ್ಯ ಸೋಪು, ಚೆನ್ನಾಗಿ ಹಿಂಡಿದ ಕುಚ್ಚು. ಇಷ್ಟರಲ್ಲೇ ಆ ನೆಲ ಇಷ್ಟು ವರ್ಷ ಬಾಳಿದೆ.

ರಾಸಾಯನಿಕಗಳ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕಾದದ್ದಿದೆ. ಬ್ಲೀಚಿಂಗ್ ಪೌಡರನ್ನಾಗಲಿ ಬ್ಲೀಚ್ ದ್ರವವನ್ನಾಗಲಿ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರಿನ ಜೊತೆ ಎಂದಿಗೂ ಬೆರೆಸಬೇಡಿ. ಅದರಿಂದ ಹೊರಡುವುದು ಕ್ಲೋರಿನ್ ಅನಿಲ, ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಅಮೋನಿಯಾ ಇರುವ ಕ್ಲೀನರ್ ಜೊತೆ ಬೆರೆತರೂ ವಿಷಾನಿಲವೇ. ಎರಡನ್ನು ಕೂಡಿಸಿದರೆ ಹೆಚ್ಚು ಸ್ವಚ್ಛ ಎಂಬುದು ಜೀವಕ್ಕೆ ಎರವಾಗುವ ತಪ್ಪು ತಿಳಿವಳಿಕೆ. ಫಿನೈಲನ್ನು ಬಾಟಲಿಯ ಮೇಲೆ ಬರೆದಿರುವ ಪ್ರಮಾಣದಲ್ಲೇ, ಮುಚ್ಚಳದಿಂದ ಅಳೆದು ಹಾಕಿ. ಬೆಕ್ಕು ಸಾಕಿದವರು ಕಪ್ಪು ಫಿನೈಲನ್ನು ಮನೆಯೊಳಗೆ ತರಲೇಬಾರದು. ಒದ್ದೆ ನೆಲದ ಮೇಲೆ ಓಡಾಡಿ ಪಾದ ನೆಕ್ಕಿಕೊಳ್ಳುವ ಬೆಕ್ಕಿನ ದೇಹಕ್ಕೆ ಅದರಲ್ಲಿರುವ ಫೀನಾಲ್ ವಿಷ.

ಕೆಲಸದ ಕ್ರಮ ಸರಳ. ಮೊದಲು ಗುಡಿಸಿ, ನೆಲದ ಮೇಲಿನ ಎಕ್ಸ್‌ಟೆನ್ಷನ್ ಬೋರ್ಡುಗಳನ್ನು ಪ್ಲಗ್ ಕಿತ್ತು ಮೇಲೆತ್ತಿಡಿ, ಒಳಗಿನ ಮೂಲೆಯಿಂದ ಬಾಗಿಲಿನತ್ತ ಹಿಂದಕ್ಕೆ ಬರುತ್ತಾ ಒರೆಸಿ. ಓಡಾಡುವ ದಾರಿಯನ್ನು ಅರ್ಧರ್ಧವಾಗಿ ಒರೆಸುತ್ತೇವೆ. ಒಂದು ಬದಿ ಒಣಗಿದ ಮೇಲೆಯೇ ಇನ್ನೊಂದು ಬದಿ. ನೀರು ಬೂದುಬಣ್ಣಕ್ಕೆ ತಿರುಗಿದ ಕೂಡಲೇ ಬದಲಿಸಬೇಕು, ಇಲ್ಲದಿದ್ದರೆ ಒಂದು ಕೋಣೆಯ ಕೊಳೆಯನ್ನು ಇನ್ನೊಂದು ಕೋಣೆಗೆ ಹಂಚಿದಂತೆ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಬಕೆಟ್ಟನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ತಲೆ ಭಾರವಿರುವ ಎಳೆಯ ಮಗು ಬಗ್ಗಿ ಬಿದ್ದರೆ ತಾನಾಗಿ ಮೇಲೇಳಲಾರದು, ಎರಡು ಅಂಗುಲ ನೀರೂ ಅದಕ್ಕೆ ಅಪಾಯ. ಫೋನ್ ರಿಂಗಾದರೆ ರಿಂಗಾಗಲಿ.

ಒರೆಸಿ ಮುಗಿಸಿದೊಡನೆ ಮಾಪನ್ನು ಬಚ್ಚಲಿನ ಮೂಲೆಗೆ ಒರಗಿಸಿಬಿಡುವುದು ನಮ್ಮಲ್ಲಿ ಸಾಮಾನ್ಯ. ಮರುದಿನ ಬರುವ ಆ ಮುಗ್ಗಲು ವಾಸನೆ ಬ್ಯಾಕ್ಟೀರಿಯಾಗಳದ್ದು, ಫಿನೈಲ್ ಹೆಚ್ಚಿಸಿದರೆ ಅದು ಹೋಗುವುದಿಲ್ಲ. ಕುಚ್ಚನ್ನು ಸೋಪಿನಲ್ಲಿ ಒಗೆದು, ನೀರು ತಿಳಿಯಾಗುವವರೆಗೆ ಜಾಲಿಸಿ, ಹಿಂಡಿ, ನೆಲಕ್ಕೆ ತಾಗದಂತೆ ಗಾಳಿಗೆ ತೂಗುಹಾಕಬೇಕು. ಮೈಕ್ರೋಫೈಬರನ್ನು ಹತ್ತಿ ಬಟ್ಟೆಯೊಂದಿಗೆ ಒಗೆದರೆ ನೂಲಿನ ಚೂರುಗಳೆಲ್ಲ ಅದಕ್ಕೆ ಮೆತ್ತಿಕೊಳ್ಳುತ್ತವೆ, ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಹೀರುವ ಗುಣವೇ ಹೋಗುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನಲ್ಲಿ, ಎರಡು ರಿಫಿಲ್, ಅಂದರೆ ತಟ್ಟೆಗೆ ಕೂರಿಸುವ ಬದಲಿ ಕುಚ್ಚು, ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಿಸುವುದೇ ದಾರಿ. ಬಚ್ಚಲಿಗೆ ಬೇರೆ ಬಣ್ಣದ ರಿಫಿಲ್ ಇರಲಿ.

ತಿಂಗಳಿಗೊಮ್ಮೆ ಬುಟ್ಟಿಯನ್ನು ಬಿಚ್ಚಿ ತೆಗೆಯಿರಿ. ಮೊದಲ ಸಲ ನಾನು ಬಿಚ್ಚಿದಾಗ ಅದು ತಿರುಗುವ ಅಚ್ಚಿನ ಸುತ್ತ ನಮ್ಮೆಲ್ಲರ ತಲೆಗೂದಲು ಕಪ್ಪು ಉಂಗುರದಂತೆ ಬಿಗಿದು ಸುತ್ತಿಕೊಂಡಿತ್ತು. ಕತ್ತರಿಯಿಂದ ಕತ್ತರಿಸಿ, ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿದ ಮೇಲೆ, ಹತ್ತು ಸಲ ಒತ್ತಿದರೂ ಹಿಂಡದಿದ್ದ ಮಾಪ್ ನಾಲ್ಕೇ ಒತ್ತಿಗೆ ನೀರು ಬಿಟ್ಟಿತು. ಕೆಟ್ಟಿತೆಂದು ಎಸೆಯುವ ಸ್ಪಿನ್ ಮಾಪುಗಳಲ್ಲಿ ಎಷ್ಟೋ ನಿಜಕ್ಕೂ ಕೆಟ್ಟಿರುವುದಿಲ್ಲ. ಎಳೆಗಳು ಒಗೆದ ಮೇಲೂ ಬಿರುಸಾಗಿಯೇ ಉಳಿದರೆ ಮಾತ್ರ ಹೊಸ ರಿಫಿಲ್ ತನ್ನಿ. ಎಲ್ಲ ಕಂಪನಿಗಳ ತಟ್ಟೆಯ ಅಳತೆಯೂ ಒಂದೇ ಅಲ್ಲವಾದ್ದರಿಂದ ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಕೂರಿಸಿ ನೋಡಿ.