46ಕ್ಕೆ ನೌಕರಿ ಬಿಟ್ಟರೆ 60ರ ತನಕ ರೊಕ್ಕ ಎಲ್ಲಿಂದ?

ಬೇಗ ನೌಕರಿ ಬಿಡಬೇಕೆನ್ನುವವರು ಮೊದಲು ಕೇಳುವುದು ಒಟ್ಟು ಮೊತ್ತವನ್ನೇ. ಎರಡು ಕೋಟಿ ಸಾಕಾ, ಮೂರು ಬೇಕಾ? ಆ ಲೆಕ್ಕ ಸುಲಭದ್ದು. ಹುಬ್ಬಳ್ಳಿ-ಧಾರವಾಡದ ಕಡೆ ಲೆಕ್ಕ ತಪ್ಪುವುದು ಬೇರೆ ಜಾಗದಲ್ಲಿ. ಹಾಳೆಯ ಮೇಲೆ ಎರಡು ಕೋಟಿ ಇರುತ್ತದೆ, ಅದರಲ್ಲಿ ಅರ್ಧ ಪ್ಲಾಟು, ಹೊಲ, ಬಂಗಾರದಲ್ಲಿ ಕೂತಿರುತ್ತದೆ. ಕಿರಾಣಿ ಬಿಲ್ಲು ಕಟ್ಟಲು ಪ್ಲಾಟಿನ ಒಂದು ಮೂಲೆ ಮಾರಲು ಬರುವುದಿಲ್ಲ.

ಧಾರವಾಡದಲ್ಲಿ ಸ್ವಂತ ಮನೆ, ಸಾಲ ಇಲ್ಲ, ತಿಂಗಳ ಖರ್ಚು 40,000 ಎಂದಿಟ್ಟುಕೊಳ್ಳಿ. ವರ್ಷಕ್ಕೆ 4.8 ಲಕ್ಷ. ತಿಂಗಳ ಲೆಕ್ಕದಲ್ಲಿ ಕಾಣಿಸದ ಖರ್ಚು ಇನ್ನೊಂದಷ್ಟಿದೆ: ಗಾಡಿ ಇನ್ಶೂರೆನ್ಸ್, ಆರೋಗ್ಯ ವಿಮೆ, ಮನೆಗೆ ಬಣ್ಣ, ಬೋರ್‌ವೆಲ್ ಮೋಟರ್ ರಿಪೇರಿ, ಬೀಗರ ಮನೆಯ ಮದುವೆಗೆ ಆಹೇರ, ಊರ ಜಾತ್ರೆ. ಇವಕ್ಕೆ 1.2 ಲಕ್ಷ ಸೇರಿಸಿದರೆ ವರ್ಷಕ್ಕೆ 6 ಲಕ್ಷ. ಈ ಅಂಕಿಯನ್ನು ನೆನಪಿನಿಂದ ಬರೆಯಬೇಡಿ. ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಸಮೇತ, ಕೂಡಿಸಿ ನೋಡಿ.

ಖರ್ಚಿನ 25 ಪಟ್ಟು ಇದ್ದರೆ ಸಾಕು ಎಂಬ ಸೂತ್ರ ಅಮೆರಿಕದ್ದು. ವಿಲಿಯಂ ಬೆಂಗೆನ್ 1994ರಲ್ಲಿ ಅಲ್ಲಿನ ಮಾರುಕಟ್ಟೆಯ ಅಂಕಿಗಳ ಮೇಲೆ, 30 ವರ್ಷದ ನಿವೃತ್ತಿಗೆಂದು ಕಟ್ಟಿದ ಲೆಕ್ಕ. 46ಕ್ಕೆ ಬಿಟ್ಟವರಿಗೆ 40 ವರ್ಷ ದಾಟಿಸಬೇಕು, ನಮ್ಮ ಬೆಲೆ ಏರಿಕೆಯೂ ಜೋರು. ಹಾಗಾಗಿ 33 ಪಟ್ಟು ಹಿಡಿಯುವುದು ಕ್ಷೇಮ: ಹತ್ತಿರಹತ್ತಿರ 2 ಕೋಟಿ. ಮಕ್ಕಳ ಓದು, ಮದುವೆ ಇದರೊಳಗಿಲ್ಲ.

ಇನ್ನು 46ರಿಂದ 60ರ ನಡುವಿನ 14 ವರ್ಷ. ಹೂಡಿದ ಹಣ ತೆರಿಗೆ ಕಳೆದು ಬೆಲೆ ಏರಿಕೆಯಷ್ಟಾದರೂ ಬೆಳೆಯುತ್ತದೆ ಎಂದುಕೊಂಡರೂ 14 × 6, ಅಂದರೆ 84 ಲಕ್ಷ, ಬೇಕೆಂದಾಗ ವಾರದೊಳಗೆ ಕೈಗೆ ಬರುವಂತಿರಬೇಕು. ಬ್ಯಾಂಕ್ ಠೇವಣಿ, ಮ್ಯೂಚುವಲ್ ಫಂಡ್ ಈ ಸಾಲಿಗೆ ಸೇರುತ್ತವೆ. ಪ್ಲಾಟು ಸೇರುವುದಿಲ್ಲ. ಎನ್.ಎ. (ಕೃಷಿಯೇತರ ಜಮೀನೆಂಬ ಪರಿವರ್ತನೆ) ಆಗಿ, ಇ-ಖಾತಾ ಕೈಯಲ್ಲಿದ್ದರೂ ಗಿರಾಕಿ ಸಿಗಲು ತಿಂಗಳುಗಟ್ಟಲೆ ಬೇಕು. ಖಾತಾ ತಕರಾರಿದ್ದರೆ ನೋಂದಣಿಯೇ ಆಗದು.

ನಿವೃತ್ತರಿಗೆಂದೇ ಇರುವ ಯೋಜನೆಗಳು ಈ ವಯಸ್ಸಿಗೆ ಒದಗುವುದಿಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 60 ಆಗಬೇಕು, ನಿವೃತ್ತಿ ಅಥವಾ ಸ್ವಯಂ ನಿವೃತ್ತಿ (ವಿಆರ್‌ಎಸ್) ಪಡೆದವರಿಗೆ 55. ಪಿಎಫ್ ಜೊತೆಗಿನ ಪಿಂಚಣಿ 58ಕ್ಕೆ. 50ರಿಂದಲೇ ಬೇಕೆಂದರೆ ಕಡಿಮೆಯಾದ ಪ್ರತಿ ವರ್ಷಕ್ಕೆ ಶೇ. 4 ಕಡಿತ. 15,000ದ ಸಂಬಳ ಮಿತಿಯಲ್ಲಿ 22 ವರ್ಷ ದುಡಿದವರಿಗೂ ಅದು ತಿಂಗಳಿಗೆ ಕೆಲವೇ ಸಾವಿರ ರೂಪಾಯಿ. ಅದನ್ನು ನಂಬಿ ಕೂರುವಂತಿಲ್ಲ. ಪಿಎಫ್ ಮೊತ್ತವನ್ನು ಹಾಗೇ ಬಿಡಬಹುದು, ಆದರೆ ನೌಕರಿ ಬಿಟ್ಟ ಮೇಲೆ ಸೇರುವ ಬಡ್ಡಿಗೆ ತೆರಿಗೆ ಬೀಳುತ್ತದೆ. ಈ ಅವಧಿಗೆ ಹೇಳಿ ಮಾಡಿಸಿದಂತಿರುವುದು 15 ವರ್ಷ ಮುಗಿದ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆ: ಹೊಸದಾಗಿ ಕಟ್ಟದೆ ಮುಂದುವರಿಸಿದರೆ ವರ್ಷಕ್ಕೊಮ್ಮೆ ಬೇಕಾದಷ್ಟು ತೆಗೆಯಬಹುದು, ಬಡ್ಡಿಗೆ ತೆರಿಗೆಯೂ ಇಲ್ಲ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಗೆ ವಯಸ್ಸಿನ ಅಡ್ಡಿ ಇಲ್ಲ. ಗಂಡ-ಹೆಂಡತಿ ಜಂಟಿಯಾಗಿ 15 ಲಕ್ಷ ಇಟ್ಟರೆ ಶೇ. 7.4ರ ಬಡ್ಡಿಯಲ್ಲಿ ತಿಂಗಳಿಗೆ 9,250.

ಇಲ್ಲಿ ಒಂದು ಮಾತು ಖಡಕ್ಕಾಗಿ ಹೇಳಬೇಕು. ನಮ್ಮಲ್ಲಿ ಓಣಿಗೊಂದು ಸೌಹಾರ್ದ, ಪತ್ತಿನ ಸಂಘ ಇವೆ. ಬ್ಯಾಂಕಿಗಿಂತ ಒಂದೆರಡು ರೂಪಾಯಿ ಹೆಚ್ಚು ಬಡ್ಡಿ, ಆಡಳಿತ ಮಂಡಳಿಯಲ್ಲಿ ಪರಿಚಯದವರು. ಆದರೆ 5 ಲಕ್ಷದ ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕೂ ಸೇರಿ. ಸೌಹಾರ್ದ ಸಹಕಾರಿಗೆ, ಪತ್ತಿನ ಸಂಘಕ್ಕೆ ಅದಿಲ್ಲ. ಪಗಾರ ಬರುತ್ತಿದ್ದಾಗ ಅಲ್ಲಿ ಎರಡು ಲಕ್ಷ ಸಿಕ್ಕಿಬಿದ್ದರೆ ತಡೆದುಕೊಳ್ಳಬಹುದು. ಪಗಾರ ನಿಂತ ಮೇಲೆ 30 ಲಕ್ಷ ಸಿಕ್ಕಿಬಿದ್ದರೆ ಮತ್ತೆ ನೌಕರಿ ಹುಡುಕಬೇಕಾಗುತ್ತದೆ.

ಹಾಗೆಂದು ಎಲ್ಲವನ್ನೂ ಠೇವಣಿಯಲ್ಲಿಟ್ಟರೆ ಬೆಲೆ ಏರಿಕೆ ತಿನ್ನುತ್ತದೆ. ಶೇ. 6ರ ಏರಿಕೆಯಲ್ಲಿ ಈಗಿನ 6 ಲಕ್ಷದ ಖರ್ಚು 58ರ ಹೊತ್ತಿಗೆ 12 ಲಕ್ಷ. ಷೇರು ಫಂಡ್ ಬೇಕೇ ಬೇಕು, ಆದರೆ ಬಿಟ್ಟ ಮೊದಲ ಐದು ವರ್ಷದೊಳಗೆ ಮಾರುಕಟ್ಟೆ ಕುಸಿದರೆ ಪೆಟ್ಟು ಜೋರು. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗೆ ಹೋಯಿತು. ಮತ್ತೆ 21,000 ಕಂಡದ್ದು 2010ರ ನವೆಂಬರ್‌ನಲ್ಲಿ. ಆ ನಡುವೆ ತಿಂಗಳ ಖರ್ಚಿಗೆಂದು ಯೂನಿಟ್ ಮಾರುತ್ತಾ ಹೋದವರ ಹತ್ತಿರ ಮಾರುಕಟ್ಟೆ ಚೇತರಿಸಿದಾಗ ಬೆಳೆಯಲು ಯೂನಿಟ್ ಕಡಿಮೆಯೇ ಉಳಿದಿರುತ್ತವೆ. ಆದ್ದರಿಂದ ಮೂರು ವರ್ಷದ ಖರ್ಚು, 18 ಲಕ್ಷ, ಠೇವಣಿಯಲ್ಲಿ; ಮುಂದಿನ ನಾಲ್ಕೈದು ವರ್ಷದ್ದು ಅಂಚೆ ಕಚೇರಿ, ಪಿಪಿಎಫ್, ಡೆಟ್ ಫಂಡ್‌ (ಸಾಲಪತ್ರಗಳಲ್ಲಿ ಹೂಡುವ ಫಂಡ್) ಗಳಲ್ಲಿ; ಉಳಿದದ್ದು ಸೆನ್ಸೆಕ್ಸ್‌ನಂಥ ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ಇಂಡೆಕ್ಸ್ ಫಂಡ್‌ನಲ್ಲಿ. ಮಾರುಕಟ್ಟೆ ಏರಿದ ವರ್ಷ ಇಂಡೆಕ್ಸ್‌ನಿಂದ ತೆಗೆದು ಠೇವಣಿ ತುಂಬಿಸಿ. ಬಿದ್ದ ವರ್ಷ ಅದನ್ನು ಮುಟ್ಟಬೇಡಿ.

ತೆರಿಗೆಯಲ್ಲಿ ಒಂದು ಅನುಕೂಲ ಇದೆ. ಒಂದು ವರ್ಷ ದಾಟಿದ ಷೇರು ಫಂಡ್ ಲಾಭದಲ್ಲಿ ವರ್ಷಕ್ಕೆ ತಲಾ 1.25 ಲಕ್ಷಕ್ಕೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ. 12.5. ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಹೂಡಿಕೆ ಇದ್ದರೆ 2.5 ಲಕ್ಷ. ಆದರೆ ಗಂಡ ಕೊಟ್ಟ ಹಣದಿಂದ ಹೆಂಡತಿ ಹೂಡಿದರೆ ಆ ಲಾಭ ಗಂಡನ ಲೆಕ್ಕಕ್ಕೇ ಬರುತ್ತದೆ. 12 ಲಕ್ಷದ ತನಕ ತೆರಿಗೆ ಇಲ್ಲ ಎಂಬ ರಿಯಾಯಿತಿ ಈ ಲಾಭಕ್ಕೆ ಅನ್ವಯಿಸುವುದಿಲ್ಲ. ಬಹಳ ಜನ ಇಲ್ಲೇ ಮೋಸ ಹೋಗುತ್ತಾರೆ.

ನೌಕರಿ ಬಿಡುವ ಮೂರು ವರ್ಷ ಮೊದಲೇ ಆರೋಗ್ಯ ವಿಮೆಯನ್ನು ಸ್ವಂತ ಹೆಸರಲ್ಲಿ ಮಾಡಿಸಿ. ಮೊದಲೇ ಇರುವ ಬಿಪಿ, ಶುಗರ್‌ಗೆ ಮೂರು ವರ್ಷದವರೆಗೆ ಕಾಯಿಸುತ್ತಾರೆ, ಕಂಪನಿಯ ಗ್ರೂಪ್ ವಿಮೆ ಸಾಮಾನ್ಯವಾಗಿ ನೌಕರಿ ಬಿಟ್ಟ ದಿನಕ್ಕೇ ಮುಗಿಯುತ್ತದೆ. ಪಾಲಿಸಿ ಬೆಂಗಳೂರಿನ ಆಸ್ಪತ್ರೆಗಳ ಪಟ್ಟಿ ತೋರಿಸಿದರೆ ಸಾಲದು. ನೀವು ನಿಜವಾಗಿ ಹೋಗುವ ಆಸ್ಪತ್ರೆ, ಧಾರವಾಡದ ಸತ್ತೂರಿನದ್ದೋ ಹುಬ್ಬಳ್ಳಿಯ ವಿದ್ಯಾನಗರದ್ದೋ, ಕ್ಯಾಶ್‌ಲೆಸ್ ಪಟ್ಟಿಯಲ್ಲಿದೆಯೇ ನೋಡಿ.

ಹೊಲದ ಲಾವಣಿ (ಗುತ್ತಿಗೆ ಹಣ), ಮನೆ ಬಾಡಿಗೆ ಬರುತ್ತದಲ್ಲ ಎನ್ನುವವರಿಗೆ: ಲಾವಣಿ ಬಾಯಿಮಾತಿನ ವ್ಯವಹಾರ, ಮಳೆ ಕೈಕೊಟ್ಟ ವರ್ಷ ಕೇಳಲೂ ಮುಖ ಬರುವುದಿಲ್ಲ. ಧಾರವಾಡದ ಸಪ್ತಾಪುರದ ಕಡೆ ಕೋಚಿಂಗ್ ಹುಡುಗರಿಗೆ ಕೊಟ್ಟ ರೂಮುಗಳು ನೇಮಕಾತಿ ಅಧಿಸೂಚನೆ ನಿಂತರೆ ಖಾಲಿ. ಬಂದರೆ ಬರಲಿ, ಆ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು 6 ಲಕ್ಷದ ಲೆಕ್ಕಕ್ಕೆ ಹಿಡಿಯಬೇಡಿ.

ರಾಜೀನಾಮೆಯನ್ನು ಮಾರ್ಚ್ ಕೊನೆಗೆ ಹೊಂದಿಸಿ, ಫಂಡ್ ಮಾರುವುದನ್ನು ಏಪ್ರಿಲ್‌ನಲ್ಲಿ ಹೊಸ ತೆರಿಗೆ ವರ್ಷ ಶುರುವಾದ ಮೇಲೆ ಇಟ್ಟುಕೊಳ್ಳಿ. ಕ್ರೆಡಿಟ್ ಕಾರ್ಡ್ ಬೇಕಿದ್ದರೆ ಪಗಾರ ಚೀಟಿ ಇರುವಾಗಲೇ ಮಾಡಿಸಿ. ಆರು ತಿಂಗಳು ಮೊದಲೇ ಪಿಎಫ್ ಖಾತೆ, ಆಧಾರ್, ಪ್ಯಾನ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ನೋಡಿ. ಒಂದರಲ್ಲಿ ತಂದೆಯ ಹೆಸರು ನಡುವೆ, ಇನ್ನೊಂದರಲ್ಲಿ ಬರೀ ಇನಿಷಿಯಲ್, ಮತ್ತೊಂದರಲ್ಲಿ ಅಡ್ಡಹೆಸರೇ ಇಲ್ಲ: ನಮ್ಮ ಕಡೆ ಇದು ಮನೆಮನೆಯ ಪಾಡು, ಕ್ಲೇಮು ವಾಪಸ್ ಬರುವುದೂ ಇದರಿಂದಲೇ. ತಿದ್ದುಪಡಿಗೆ ಕಂಪನಿಯ ಒಪ್ಪಿಗೆ ಬೇಕಾದರೆ ನೌಕರಿಯಲ್ಲಿದ್ದಾಗ ಎಚ್‌ಆರ್ ಮಾಡಿಕೊಡುತ್ತಾರೆ. ಬಿಟ್ಟ ಮೇಲೆ ಅವರ ಫೋನ್ ಎತ್ತಿಸುವುದೇ ಒಂದು ಕೆಲಸವಾಗುತ್ತದೆ. ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದಿದ್ದರೆ ಕೊನೆಯ ವಂತಿಗೆಯ ಎರಡು ತಿಂಗಳ ನಂತರ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.