ಎರಡು ವರ್ಷದ ಮಗುವಿಗೆ ಪಾಲಿಪ್ ಅಂತೆ!

ನಾನು ಕಿವಿ-ಮೂಗು-ಗಂಟಲಿನ ಡಾಕ್ಟರು. ಚಿಕ್ಕ ಮಕ್ಕಳ ಚೀಟಿಯಲ್ಲಿ 'ಮೂಗಿನ ಪಾಲಿಪ್' (ಮೂಗಿನೊಳಗೆ ಜೋತುಬೀಳುವ ಮೆತ್ತನೆಯ ಬೆಳವಣಿಗೆ) ಅಂತ ಬರೆದಿದ್ದರೆ ಸುಲಭಕ್ಕೆ ನಂಬುವುದಿಲ್ಲ. ದೊಡ್ಡವರಲ್ಲಿ ಅದು ಮಾಮೂಲು. ಎರಡು ವರ್ಷದ ಕೂಸಿಗೆ, ಅದೂ ಒಂದೇ ಹೊಳ್ಳೆಯಲ್ಲಿ? ಬೇರೇನೋ ಇದೆ ಅಂದುಕೊಂಡೇ ಶುರು ಮಾಡಬೇಕು.

ಒಂದೇ ಕಡೆ ನಾರುವ ಸಿಂಬಳ ಬರುತ್ತಿದ್ದರೆ ಹೆಚ್ಚಾಗಿ ಬಟಾಣಿಯೋ ಮಣಿಯೋ ಸಿಕ್ಕಿಕೊಂಡಿರುತ್ತದೆ. ಅದಿಲ್ಲ ಅಂದಮೇಲೆ ಗಡ್ಡೆಯ ಯೋಚನೆ. ತಣ್ಣನೆಯ ಸ್ಟೀಲ್ ಪಟ್ಟಿ ಮೂಗಿನ ಕೆಳಗೆ ಹಿಡಿಯುತ್ತೇನೆ, ಉಸಿರಾಡುವ ಕಡೆ ಆವಿ ಕಟ್ಟುತ್ತದೆ, ಮುಚ್ಚಿದ ಕಡೆ ಪಟ್ಟಿ ಹಾಗೇ ಹೊಳೆಯುತ್ತದೆ. ಆಮೇಲೆ ಮಗು ಅಳುವಾಗ ಗಡ್ಡೆ ಉಬ್ಬುತ್ತಾ ಅಂತ ನೋಡುತ್ತೇನೆ. (ನನ್ನ ಮುಖ ಕಂಡರೆ ಸಾಕು ಅಳುತ್ತವೆ, ಅದೊಂದು ಅನುಕೂಲ.) ಉಬ್ಬಿದರೆ ಎನ್ಸೆಫಲೋಸೀಲ್ ಇರಬಹುದು, ಅಂದರೆ ತಲೆಬುರುಡೆಯ ತಳದಲ್ಲಿ ಹುಟ್ಟಿನಿಂದಲೇ ಇದ್ದ ತೂತಿನಿಂದ ಮಿದುಳಿನ ಪೊರೆ, ಕೆಲವೊಮ್ಮೆ ಮಿದುಳೇ, ಮೂಗಿಗೆ ಇಳಿದಿರುತ್ತದೆ. ಉಬ್ಬಲಿಲ್ಲ ಅಂತ ನಿಶ್ಚಿಂತೆಯೂ ಬೇಡ. ನೇಸಲ್ ಗ್ಲಯೋಮಾ, ಅಂದರೆ ಹುಟ್ಟಿನಿಂದಲೇ ಮೂಗಿನಲ್ಲಿ ಉಳಿದ ಮಿದುಳಿನ ಅಂಗಾಂಶದ ಗಡ್ಡೆ, ಗಟ್ಟಿಯಾಗಿರುತ್ತದೆ, ಉಬ್ಬುವುದಿಲ್ಲ, ಆದರೂ ಕೆಲವದಕ್ಕೆ ಮಿದುಳಿನ ತನಕ ತೊಟ್ಟು ಇರುತ್ತದೆ.

ಅದಕ್ಕೇ 'ಸುಮ್ನೆ ಒಂದು ಚೂರು ತೆಗೆದು ಟೆಸ್ಟಿಗೆ ಕಳಿಸೋಣ' ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮಿದುಳಿನ ನೀರು ಸೋರಿ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಆದರೆ? ಮೊದಲು ಎಂಆರ್‌ಐ, ಮೂಳೆ ನೋಡಲು ಸಿಟಿ, ಬಯಾಪ್ಸಿ ಏನಿದ್ದರೂ ಆಮೇಲೆ. ಮಗುವಿಗೆ ಅರಿವಳಿಕೆ ಕೊಡಬೇಕಾಗಬಹುದು ಅಂತ ಅಪ್ಪ-ಅಮ್ಮ ಹೆದರುತ್ತಾರೆ, ಸಹಜ ಅಲ್ವಾ. ಆದರೆ ಸ್ಕ್ಯಾನ್ ಬಿಡುವ ಹಾಗಿಲ್ಲ, ಮುಂದೂಡುವ ಹಾಗೂ ಇಲ್ಲ. ವಾರಗಳಲ್ಲೇ ಬೆಳೆಯುವ ರಾಬ್ಡೋಮಯೋಸಾರ್ಕೋಮಾ ಅನ್ನುವ ಕ್ಯಾನ್ಸರ್ ಕೂಡ ಮೂಗು, ಸೈನಸ್‌ಗಳಲ್ಲಿ ಬರುತ್ತದೆ.

ಇನ್ನೊಂದು ತೀರಾ ಅಪರೂಪದ್ದು: ಕಾಂಡ್ರೋಮೆಸೆಂಕೈಮಲ್ ಹಮಾರ್ಟೋಮಾ ಅನ್ನುವ ಮೂಗಿನ ಗಡ್ಡೆ. ಹೆಚ್ಚಾಗಿ ವರ್ಷ ತುಂಬದ ಕೂಸುಗಳಲ್ಲಿ. ಅವು ಮೂಗಿನಲ್ಲೇ ಉಸಿರಾಡುವುದರಿಂದ ಹಾಲು ಕುಡಿಯುತ್ತ ಕುಡಿಯುತ್ತ ಬಿಟ್ಟುಬಿಡುತ್ತವೆ. ಸಿಟಿಯಲ್ಲಿ ಮೂಳೆ ಸವೆದಿರುತ್ತದೆ, ಕ್ಯಾನ್ಸರೇ ಅನ್ನಿಸುತ್ತದೆ. ಆದರೆ ಸಾಮಾನ್ಯವಾಗಿ ಸಾಧು ಗಡ್ಡೆ, ಪೂರ್ತಿ ತೆಗೆದರೆ ಆಯಿತು. ಇದಕ್ಕೆ ಹೆಸರು ಸಿಕ್ಕಿದ್ದೇ 1998ರಲ್ಲಿ. ಆಮೇಲೆ ಡೈಸರ್1 ಜೀನ್‌ಗೂ ಇದಕ್ಕೂ ನಂಟಿದೆ ಅಂತ ಗೊತ್ತಾಯಿತು. ಅದೇ ಜೀನ್ ಕೆಟ್ಟರೆ ಚಿಕ್ಕ ಮಕ್ಕಳ ಶ್ವಾಸಕೋಶದಲ್ಲಿ ಪ್ಲೂರೋಪಲ್ಮನರಿ ಬ್ಲಾಸ್ಟೋಮಾ ಅನ್ನುವ ಕ್ಯಾನ್ಸರ್ ಬರಬಹುದು, ಮನೆಯ ಹಿರಿಯರಿಗೆ ಥೈರಾಯ್ಡ್ ಗಂಟುಗಳಿರಬಹುದು. ಹಾಗಾಗಿ ಮೂಗಿನ ರಿಪೋರ್ಟ್ ಹಿಡಿದುಕೊಂಡು ನಾನು ಎದೆಯ ಸ್ಕ್ಯಾನ್ ಕೇಳಿದರೆ, 'ಅಜ್ಜಿಗೆ ಕುತ್ತಿಗೆಯಲ್ಲಿ ಗಂಟು ಇತ್ತಾ?' ಅಂತ ವಿಚಾರಿಸಿದರೆ, ಈ ಡಾಕ್ಟರಿಗೆ ಏನಾಯ್ತಪ್ಪ ಅಂದುಕೊಳ್ಳಬೇಡಿ.