ತಿಳಿಯಲ್ಲಿ 6.7, ಗಸಿಯಲ್ಲಿ 6.3

ಮಂಗಳವಾರ ಮಂಡ್ಯದ ನಮ್ಮ ಮಣ್ಣು ಪರೀಕ್ಷೆಯ ಕೊಠಡಿಗೆ ನಾಗಮಂಗಲ ಕಡೆಯ ಯಜಮಾನರೊಬ್ಬರು ಬಂದಿದ್ದರು. ರೈತರು ಸಾಮಾನ್ಯವಾಗಿ ಮಾದರಿಯ ಚೀಲವನ್ನು ಕಿಟಕಿಯಲ್ಲಿ ಕೊಟ್ಟು ಹೊರಟುಬಿಡುತ್ತಾರೆ. ಇವರು ಮಾತ್ರ ಪರೀಕ್ಷೆಯನ್ನು ಕಣ್ಣಾರೆ ನೋಡಿಯೇ ಹೋಗುವುದಾಗಿ ಹಟ ಹಿಡಿದು ಒಳಗೇ ನಿಂತರು. ಅವರದು ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಸಿದ ಹೊಲ. ಬೇರೊಂದು ಕಡೆ ಮಾಡಿಸಿದ್ದ ಪರೀಕ್ಷೆಯ ಚೀಟಿಯಲ್ಲಿ ‘ಆಮ್ಲೀಯ’ (ಹುಳಿ ಮಣ್ಣು) ಎಂದು ಬರೆದಿದ್ದುದರಿಂದ ಅಂಗಡಿಯವನು ಹುಳಿ ತಗ್ಗಿಸುವ ಸುಣ್ಣದ ಮೂಟೆಗಳನ್ನು ಹೊರಿಸಲು ನೋಡಿದ್ದನಂತೆ.

ನಮ್ಮಲ್ಲಿ ತರಬೇತಿಗೆ ಬಂದಿರುವ ಹುಡುಗಿ 10 ಗ್ರಾಂ ಮಣ್ಣಿಗೆ 25 ಮಿಲಿಲೀಟರ್ ಡಿಸ್ಟಿಲ್ಡ್ ನೀರು ಬೆರೆಸಿ, ಗಾಜಿನ ಕಡ್ಡಿಯಿಂದ ಕಲಕಿ, ಅರ್ಧ ಗಂಟೆ ಬಿಟ್ಟಿದ್ದಳು. ಅಷ್ಟರಲ್ಲಿ ಗೋಡಿನ ಅಂಶವೆಲ್ಲ ಬೀಕರಿನ ತಳಕ್ಕೆ ಗಸಿಯಾಗಿ ಕೂತು, ಮೇಲೆ ಎರಡು ಬೆರಳಿನಷ್ಟು ತಿಳಿ ನಿಂತಿತ್ತು. ಅವಳು ಪಿಎಚ್ ಮೀಟರಿನ ಎಲೆಕ್ಟ್ರೋಡನ್ನು, ಅಂದರೆ ಅಳೆಯುವ ಕಡ್ಡಿಯನ್ನು, ಗಸಿಯೊಳಗೆ ಇಳಿಸಿದಾಗ ಮೀಟರು 6.3 ತೋರಿಸಿತು. ಪಿಎಚ್ ಎಂದರೆ ಮಣ್ಣಿನ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ತುದಿಯ ಗಾಜಿನ ಬುರುಡೆಗೆ ಮರಳು ಗೀರೀತೆಂದು ತುಸು ಮೇಲಕ್ಕೆತ್ತಿದಳು. ಅಂಕಿ ಮೆಲ್ಲಗೆ 6.5ಕ್ಕೆ, 6.6ಕ್ಕೆ ಏರಿ 6.7ರಲ್ಲಿ ನಿಂತಿತು. ಯಜಮಾನರು ಬಗ್ಗಿ ನೋಡಿದವರೇ ನನ್ನ ಕಡೆ ತಿರುಗಿ, “ಕಡ್ಡಿ ಮೇಲಕ್ಕೆತ್ತುದ್ರೆ ಮಣ್ಣೇ ಬದ್ಲಾಗೋಯ್ತದಾ ಮೇಡಂ?” ಎಂದರು.

ಹುಡುಗಿ ನಕ್ಕಳು. ಅವಳ ಕೈ ಬಹಳ ಅಚ್ಚುಕಟ್ಟು, ಆದರೆ ಯಾವುದನ್ನೂ ಏಕೆ ಎಂದು ಕೇಳುವವಳಲ್ಲ. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ, “ಏನೋ ಒಂದು ನಂಬರ್ ಬರೆದು ಕಳಿಸಮ್ಮ, ಅವರು ಬಸ್ ಹಿಡೀಬೇಕು” ಎಂದರು. ಒಳ್ಳೆಯ ಮನುಷ್ಯರೇ; ಆದರೆ ಯಂತ್ರ ಹೇಳಿದ್ದೇ ಮಣ್ಣಿನ ಮಾತು ಎಂಬ ಅವರ ನಂಬಿಕೆಯನ್ನು ನಾನು ಎಂದೂ ಒಪ್ಪಿಲ್ಲ. ನಮ್ಮ ವರದಿಯಲ್ಲಿ 6.5ಕ್ಕಿಂತ ಕೆಳಗಿದ್ದರೆ ಆಮ್ಲೀಯ, ಅಲ್ಲಿಂದ 7.5ರವರೆಗೆ ತಟಸ್ಥ. ಹೀಗಿರುವಾಗ ಒಂದೇ ಬೀಕರಿನಲ್ಲಿ ಎಲೆಕ್ಟ್ರೋಡ್ ಎರಡು ಬೆರಳು ಮೇಲಿದ್ದರೆ ಸುಣ್ಣ ಬೇಡ, ಕೆಳಗಿದ್ದರೆ ಸುಣ್ಣದ ಮೂಟೆ ಬೇಕು ಎಂದಾಗುತ್ತದೆ. ಯಜಮಾನರಿಗೆ ಇದು ನಗುವ ವಿಷಯವಾಗಿರಲಿಲ್ಲ, ನನಗೂ ಆಗಿರಲಿಲ್ಲ.

ಮೀಟರಿನಲ್ಲಿ ದೋಷವಿರಲಿಲ್ಲ, ಬೆಳಿಗ್ಗೆಯೇ ಪಿಎಚ್ ಮೊದಲೇ ಗೊತ್ತಿರುವ 4 ಮತ್ತು 7ರ ಬಫರ್ ದ್ರಾವಣಗಳಲ್ಲಿ ಸರಿಹೊಂದಿಸಿದ್ದೆವು. ಕಲಿಲ ಕಣಗಳು, ಅಂದರೆ ಅತಿ ಸಣ್ಣ ಕಣಗಳು, ತುಂಬಿದ ಕೆಸರಿನಲ್ಲಿ ಪಿಎಚ್ ಹೀಗೆ ಕಡಿಮೆ ಕಾಣುವುದನ್ನು ಪಾಲ್‌ಮನ್ ಎಂಬ ವಿಜ್ಞಾನಿ 1930ರಲ್ಲೇ ವಿವರಿಸಿದ್ದರಿಂದ, ಇದನ್ನು ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ಋಣಾವೇಶವುಳ್ಳ ಜೇಡಿಯ ಕಣಗಳ ಸುತ್ತ ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನುಗಳು (ವಿದ್ಯುದಾವೇಶವುಳ್ಳ ಕಣಗಳು) ಮುತ್ತಿಕೊಂಡಿರುವುದೇ ಇದಕ್ಕೆ ಕಾರಣವೆಂದು ಆಗ ಭಾವಿಸಲಾಗಿತ್ತು. 1950ರಲ್ಲಿ ಮಣ್ಣು ವಿಜ್ಞಾನಿ ಹಾನ್ಸ್ ಜೆನ್ನಿ ಮತ್ತು ಅವರ ಸಂಗಡಿಗರು ಈ ವಿವರಣೆಯನ್ನು ಪ್ರಶ್ನಿಸಿ, ನಾವು ಯಾರೂ ಗಮನಿಸದ ಇನ್ನೊಂದು ಭಾಗದತ್ತ ಬೆರಳು ತೋರಿಸಿದರು. ಗಾಜಿನ ಬುರುಡೆಯ ಜೊತೆಗಿರುವ, ಹೋಲಿಕೆಗೆ ನೆಲೆಯಾಗುವ ಆಧಾರ (ರೆಫರೆನ್ಸ್) ಎಲೆಕ್ಟ್ರೋಡಿನಿಂದ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಹೊರಕ್ಕೆ ಜಿನುಗುವ ಸಣ್ಣ ರಂಧ್ರವೇ ಆ ಭಾಗ. ನೀರಿನಲ್ಲಿ ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಅಯಾನುಗಳೆರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಾಗುತ್ತವೆ; ಜೇಡಿಯ ಗಸಿಯಲ್ಲಿ ಕ್ಲೋರೈಡ್ ಹಿಂದೆ ಉಳಿದು, ಪೊಟ್ಯಾಸಿಯಂ ಮುನ್ನುಗ್ಗುತ್ತದೆ. ಜೋಡೆತ್ತಿನಲ್ಲಿ ಒಂದು ಮುಂದೆ ಎಳೆದರೆ ಗಾಡಿ ಓರೆಯಾಗುವುದಿಲ್ಲವೇ ಎಂದು ನಾನು ಕೇಳಿದಾಗ ಯಜಮಾನರು ತಲೆಯಾಡಿಸಿದರು. ಆ ಓರೆಯೇ ಒಂದಿಷ್ಟು ಮಿಲಿವೋಲ್ಟಿನ ಹೆಚ್ಚುವರಿ ವಿಭವ (ವೋಲ್ಟೇಜು). 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 59 ಮಿಲಿವೋಲ್ಟಿಗೆ ಪಿಎಚ್‌ನ ಒಂದು ಅಂಕ ಬದಲಾಗುವುದರಿಂದ, ನಾವು ಕಂಡ 0.4ರ ವ್ಯತ್ಯಾಸಕ್ಕೆ 24 ಮಿಲಿವೋಲ್ಟ್ ಸಾಕು.

ಬಾಯಿಮಾತಿನ ವಿವರಣೆ ನನಗೇ ಸಾಲಲಿಲ್ಲ. ಮರುದಿನ ಬೀರುವಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಜೋಡಿಯನ್ನು, ಅಂದರೆ ಗಾಜಿನ ಎಲೆಕ್ಟ್ರೋಡ್ ಬೇರೆ, ಆಧಾರದ್ದು ಬೇರೆ ಇರುವುದನ್ನು ತೆಗೆದು, ಅದೇ ಬೀಕರಿನ ಎದುರು ಹುಡುಗಿಯನ್ನು ಕೂರಿಸಿದೆ. ಎರಡನ್ನೂ ತಿಳಿಯಲ್ಲಿಟ್ಟಾಗ 6.7. ಗಾಜಿನದನ್ನು ಮಾತ್ರ ಗಸಿಗೆ ಇಳಿಸಿದಾಗಲೂ ಅಂಕಿ ಕದಲಲಿಲ್ಲ. ಗಾಜಿನದನ್ನು ತಿಳಿಗೆ ಎತ್ತಿ, ಆಧಾರದ್ದನ್ನು ಗಸಿಯಲ್ಲಿ ಊರಿದೊಡನೆ 6.3! ಹೈಡ್ರೋಜನ್ ಅಯಾನನ್ನು ಗ್ರಹಿಸುವ ಗಾಜು ಎಲ್ಲಿದ್ದರೂ ಒಂದೇ ಉತ್ತರ ಕೊಡುತ್ತಿತ್ತು, ಅಂಕಿಯನ್ನು ಅಲುಗಿಸುತ್ತಿದ್ದುದು ಅದರ ಜೊತೆಗಾರ. ಹುಡುಗಿ ಆಗ ಮೊದಲ ಬಾರಿಗೆ, “ಹಾಗಾದ್ರೆ ಇಷ್ಟು ದಿನ ಬರೆದದ್ದೆಲ್ಲ ಯಾವ ಪಿಎಚ್ ಮೇಡಂ?” ಎಂದು ಕೇಳಿದಳು. ಯಜಮಾನರ ಪ್ರಶ್ನೆಗಿಂತ ಇದು ಕಠಿಣವಾದದ್ದು. ಎರಡು ಎಲೆಕ್ಟ್ರೋಡುಗಳ ನಡುವಿನ ವೋಲ್ಟೇಜು ನಮಗೆ ಸಿಗುತ್ತದೆ. ಅದರಲ್ಲಿ ಹೈಡ್ರೋಜನ್ ಅಯಾನಿನ ಪಾಲೆಷ್ಟು, ಆ ರಂಧ್ರದ ಪಾಲೆಷ್ಟು ಎಂದು ಬಿಡಿಸಿ ಹೇಳಲು ಉಷ್ಣಬಲ ವಿಜ್ಞಾನದಲ್ಲೂ (ಥರ್ಮೋಡೈನಾಮಿಕ್ಸ್) ದಾರಿಯಿಲ್ಲ. ರಂಧ್ರದ ಪಾಲು ಅತ್ಯಲ್ಪವೆಂದು ಒಪ್ಪಿಕೊಂಡು ಮುಂದುವರಿಯುತ್ತೇವೆ, ತಿಳಿ ದ್ರಾವಣಗಳಲ್ಲಿ ಆ ಒಪ್ಪಂದ ನಡೆಯುತ್ತದೆ, ಕೆಸರಿನಲ್ಲಿ ಮುರಿಯುತ್ತದೆ.

ನೀರಿನ ಬದಲು 0.01 ಮೋಲಾರ್ (ತೀರ ತೆಳು) ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಬಳಸುವ ಕ್ರಮವೊಂದಿದೆ. 1955ರಲ್ಲಿ ಸ್ಕೋಫೀಲ್ಡ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು ಅದನ್ನು ಮುಂದಿಟ್ಟರು. ಜೇಡಿ ಬೇಗ ಹೆಪ್ಪುಗಟ್ಟಿ ಕೂರುತ್ತದೆ, ತಿಳಿಗೂ ಗಸಿಗೂ ಇರುವ ಅಂತರ ಬಹುಮಟ್ಟಿಗೆ ಇಳಿಯುತ್ತದೆ. ಆದರೆ ಅದರಲ್ಲಿ ಬರುವ ಪಿಎಚ್ ಸಾಮಾನ್ಯವಾಗಿ ನೀರಿನದ್ದಕ್ಕಿಂತ ಅರ್ಧ ಅಂಕದಷ್ಟು ಅಥವಾ ಅದಕ್ಕೂ ಕೆಳಗಿರುತ್ತದೆ. ನಮ್ಮ ಆಮ್ಲೀಯ–ತಟಸ್ಥ ಪಟ್ಟಿ ನೀರಿನ ಅಳತೆಗೆ ಹೊಂದಿಸಿದ್ದು. ಆ ಅಂಕಿಯನ್ನು ಈ ಪಟ್ಟಿಗೆ ಇಟ್ಟರೆ ಒಳ್ಳೆಯ ಹೊಲವೂ ಹುಳಿ ಹೊಲವಾಗಿಬಿಡುತ್ತದೆ. ಇಷ್ಟೆಲ್ಲ ಇದ್ದೂ, ಯಾವ ದ್ರಾವಣದಲ್ಲಿ, ಯಾವ ಪ್ರಮಾಣದಲ್ಲಿ, ಕಲಕುತ್ತಲೋ ಕೂರಿಸಿಯೋ ಅಳೆದದ್ದೆಂದು ಹೇಳದೆ ರೈತನ ಕೈಗೆ ಒಂಟಿ ಅಂಕಿಯನ್ನು ಕೊಡುವುದು ನನ್ನ ದೃಷ್ಟಿಯಲ್ಲಿ ಸೋಮಾರಿತನವೇ. ಯಜಮಾನರ ಹಳೆಯ ಚೀಟಿಯಲ್ಲಿ ಇದಾವುದೂ ಇರಲಿಲ್ಲ.

ಅವರ ವರದಿಯಲ್ಲಿ 6.7 ಎಂದು ನಮೂದಿಸಿದೆವು. ಕಂಪ್ಯೂಟರಿನ ನಮೂನೆಯಲ್ಲಿ ವಿಧಾನ ಬರೆಯಲು ಕಾಲಂ ಇಲ್ಲದ ಕಾರಣ, ಅಂಚಿನಲ್ಲಿ ಪೆನ್ನಿನಿಂದ ‘ನೀರು 1:2.5, ಕೂತ ಮೇಲೆ ತಿಳಿಯಲ್ಲಿ’ ಎಂದು ಸೇರಿಸಿ, ಸುಣ್ಣ ಸದ್ಯಕ್ಕೆ ಬೇಡವೆಂದು ತಿಳಿಸಿದೆ. ಹಿರಿಯ ಸಹೋದ್ಯೋಗಿ ಅದನ್ನು ಯಾರು ಓದುತ್ತಾರೆ ಎಂದು ಕೇಳಿದರು. ಗೋಡು ಹೊಡೆಸಿದ ಹೊಲಗಳ ಮಾದರಿಗಳನ್ನು ಇನ್ನು ಮುಂದೆ ಎರಡೂ ದ್ರಾವಣಗಳಲ್ಲಿ ಅಳೆದು ಬೇರೆ ಪುಸ್ತಕದಲ್ಲಿ ಬರೆದಿಡಬೇಕೆಂದು ಹುಡುಗಿಗೆ ಹೇಳಿದ್ದೇನೆ. ಕ್ಯಾಲ್ಸಿಯಂ ಕ್ಲೋರೈಡ್ ತರಿಸಲು ಇಂಡೆಂಟ್ (ಬೇಡಿಕೆ ಪತ್ರ) ಕಳಿಸಿಯಾಗಿದೆ.